ರೇಷನ್ ಅಂಗಡಿಗೆ ಜೋಳ ಬರಲಿ, ಕಾಳು ಬರಲಿ

ಮಾನ್ಯ ಸಂಪಾದಕರೇ,

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ರೇಷನ್ ಅಂಗಡಿಗಳಲ್ಲಿ ಅಕ್ಕಿಯ ಜೊತೆ ಬಿಳಿಜೋಳ ಮತ್ತು ಒಂದಿಷ್ಟು ಕಾಳು ವರ್ಷವಿಡೀ ಸಿಗಬೇಕು. ನಾನು ಕೇಳುತ್ತಿರುವುದು ಇಷ್ಟೇ. ಆದರೆ ಇಷ್ಟೇ ಬರೆದು ಕಳಿಸಿದರೆ ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲ. ಅದಕ್ಕೇ ಕಮ್ಮಿ ದುಡ್ಡಿನಲ್ಲಿ ಮನೆಮಂದಿಗೆ ಸತ್ವದ ಊಟ ಹಾಕುವ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನೋದನ್ನು ಬಿಡಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ನಮ್ಮದು ವಿಜಯಪುರ. ಮನೆಯವರು ರೈತರ ಮಾಲು ಮಾರಿಕೊಡುವ ಅಡತ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಅತ್ತೆ, ಸರ್ಕಾರಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು ಸೇರಿ ಐದು ಜನ. ಬಾಡಿಗೆ, ಕರೆಂಟು, ಗ್ಯಾಸು, ಟ್ಯೂಷನ್, ಅತ್ತೆಯ ಬಿಪಿ ಗುಳಿಗೆ ಎಲ್ಲ ಕಳೆದು ಕಿರಾಣಿ, ಕಾಯಿಪಲ್ಯ, ಹಾಲು ಈ ಮೂರಕ್ಕೆ ಉಳಿಯುವುದು ತಿಂಗಳಿಗೆ 6,000 ರೂಪಾಯಿ. ತಲೆಗೆ ದಿನಕ್ಕೆ 40 ರೂಪಾಯಿ ಆಯಿತು. ಎರಡು ಹೊತ್ತಿನ ಊಟ, ಮುಂಜಾನೆಯ ನಾಷ್ಟಾ, ಚಹಾ ಎಲ್ಲ ಅದರಲ್ಲೇ. ನಮ್ಮ ಓಣಿಯಲ್ಲಿ ಇದಕ್ಕಿಂತ ಕಮ್ಮಿ ದುಡ್ಡಿನಲ್ಲಿ ಸಂಸಾರ ಮಾಡುವವರೇ ಜಾಸ್ತಿ.

ಪೇಪರ್, ಟಿವಿ, ಮೊಬೈಲ್ ಎಲ್ಲಿ ನೋಡಿದರೂ ಪೌಷ್ಟಿಕ ಆಹಾರದ ಪಟ್ಟಿ ಬರುತ್ತದೆ. ಬಾದಾಮಿ, ಓಟ್ಸ್, ಪನೀರ್, ಬ್ರೊಕೊಲಿ, ಕಿವಿ ಹಣ್ಣು. ಓದಿದ ಹೆಣ್ಣುಮಕ್ಕಳಿಗೆ ಮೊದಲು ಅನ್ನಿಸುವುದು, ಇದು ನಮಗೆ ಹೇಳಿದ್ದಲ್ಲ ಬಿಡು ಅಂತ. ಆಮೇಲೆ ನಿಧಾನಕ್ಕೆ ಇನ್ನೊಂದು ಅನ್ನಿಸುತ್ತದೆ, ನಾವು ಮಕ್ಕಳಿಗೆ ಏನೋ ಕಮ್ಮಿ ಮಾಡುತ್ತಿದ್ದೇವೆ ಅಂತ. ಈ ಎರಡನೆಯದು ನನಗೆ ಬಹಳ ನೋವು ಕೊಡುತ್ತದೆ. ಯಾಕೆಂದರೆ ಹೀಗೆ ಅನ್ನಿಸಿಯೇ, ದಿನಾ ರೊಟ್ಟಿ, ಮಡಕಿಕಾಳು, ಪುಂಡಿಪಲ್ಯ ಮಾಡಿ ಹಾಕುವ ತಾಯಿ ಕಾಳಿನ ದುಡ್ಡು ಉಳಿಸಿ ಮಕ್ಕಳ ಎತ್ತರ ಬೆಳೆಸುತ್ತದೆ ಅನ್ನುವ ಪುಡಿಯ ಡಬ್ಬಿ ತರುತ್ತಾಳೆ. ಆ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಸಕ್ಕರೆ ಎಷ್ಟಿದೆ ಅಂತ ಬರೆದಿರುತ್ತದೆ, ಒಮ್ಮೆ ಓದಿ ನೋಡಲಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಅಂಗಡಿಗಳಿಗೆ ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಹೆಸರಿನ ಕೆಳಗೆ ಇಟ್ಟು ಮಾರಬೇಡಿ ಅಂತ ಹೇಳಿತು. ಆ ಸುದ್ದಿ ನಮ್ಮ ಕಿರಾಣಿ ಅಂಗಡಿಯ ತನಕ ಬರಲೇ ಇಲ್ಲ.

ನಮ್ಮ ಮನೆಯಲ್ಲಿ ದುಡ್ಡು ಕೈಗೆ ಬಂದ ಕೂಡಲೇ ಮೊದಲು ಜೋಳ, ಆಮೇಲೆ ಕಾಳು, ಆಮೇಲೆ ಶೇಂಗಾ, ಗುರೆಳ್ಳು. ಎಣ್ಣೆ, ಸಕ್ಕರೆ, ಚಹಾಪುಡಿ ಕೊನೆಗೆ. ಕಾಯಿಪಲ್ಯ, ಹಾಲಿಗೆ ಬೇರೆ ತೆಗೆದಿಡುತ್ತೇನೆ. ಎಣ್ಣೆ, ಸಕ್ಕರೆಯಿಂದ ಶುರು ಮಾಡಿದರೆ ಕಾಳಿಗೆ ದುಡ್ಡು ಉಳಿಯುವುದೇ ಇಲ್ಲ.

ಜೋಳ ಅಂದರೆ ನಾನು ಹೇಳುವುದು ಹಿಂಗಾರಿ ಬಿಳಿಜೋಳ, ಮಾಲದಂಡಿ ತಳಿ. ಇದು ರಾಶಿಯಾಗಿ ಮಾರುಕಟ್ಟೆಗೆ ಬರುವುದು ಫೆಬ್ರುವರಿ, ಮಾರ್ಚ್ ಹೊತ್ತಿಗೆ. ಆಗ ಕೊಂಡರೆ ದರ ಹಗುರ, ಶ್ರಾವಣದ ಹೊತ್ತಿಗೆ ಅದೇ ಜೋಳಕ್ಕೆ ಕೆಜಿಗೆ ಎಂಟು ಹತ್ತು ರೂಪಾಯಿ ಜಾಸ್ತಿ ಕೊಡಬೇಕಾಗುತ್ತದೆ. ನಾವು ಗೃಹಲಕ್ಷ್ಮಿಯ 2,000 ರೂಪಾಯಿ ಜೋಡಿಸಿಟ್ಟು ಸುಗ್ಗಿಯಲ್ಲೇ ಚೀಲ ತಂದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬೇವಿನ ಎಲೆ ಹಾಕಿ ಇಡುತ್ತೇವೆ. ಗಿರಣಿಗೆ ಮಾತ್ರ ಸ್ವಲ್ಪ ಸ್ವಲ್ಪವೇ ಒಯ್ಯುವುದು. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಬಡಿಯುವಾಗಲೇ ಬಿರಿಯುತ್ತದೆ. ಆದರೆ ಒಮ್ಮೆಗೇ ಚೀಲ ತರುವಷ್ಟು ದುಡ್ಡು ಎಲ್ಲರ ಹತ್ತಿರ ಎಲ್ಲಿರುತ್ತದೆ? ದಿನಗೂಲಿಯವರು ಎರಡೆರಡು ಕೆಜಿ ತರುತ್ತಾರೆ. ಅದೇ ಜೋಳಕ್ಕೆ ವರ್ಷಪೂರ್ತಿ ನಮಗಿಂತ ಜಾಸ್ತಿ ಕೊಡುತ್ತಾರೆ. ಬಡವರಿಗೇ ಜೋಳ ತುಟ್ಟಿ ಬೀಳುತ್ತದೆ, ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಜೋಳಕ್ಕೆ ಯಾಕೆ ಇಷ್ಟು ಒತ್ತು ಕೊಡುತ್ತೀರಿ, ಅಕ್ಕಿ ಪುಕ್ಕಟೆ ಸಿಗುತ್ತದಲ್ಲ ಅಂತ ಕೇಳಬಹುದು. ಹೈದರಾಬಾದ್‌ನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಲೆಕ್ಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಹೆಚ್ಚುಕಡಿಮೆ 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಪ್ರೋಟೀನ್ 8 ಗ್ರಾಂ, ನಾರು 3 ಗ್ರಾಂ, ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ. ಜೋಳದ ಪ್ರೋಟೀನ್‌ನಲ್ಲಿ ಲೈಸಿನ್ ಅನ್ನುವ ಒಂದು ಅಂಶ ಕಮ್ಮಿ ಇರುತ್ತದೆ, ಅದು ಕಾಳಿನಲ್ಲಿ ಧಾರಾಳ ಇದೆ. ಕಾಳಿನಲ್ಲಿ ಕಮ್ಮಿ ಇರುವುದು ಜೋಳದಲ್ಲಿ ಸಿಗುತ್ತದೆ. ಹಾಗಾಗಿ ರೊಟ್ಟಿಯ ಮೇಲೆ ಕಾಳುಪಲ್ಯ ಬಿದ್ದರೆ ಎರಡರ ಕೊರತೆಯೂ ತುಂಬುತ್ತದೆ. ಬುತ್ತಿಯಲ್ಲಿ ರೊಟ್ಟಿ, ಕಾಳು, ಚಟ್ನಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದ ನಮ್ಮ ಹಿರಿಯರು ಇದನ್ನು ಪಟ್ಟಿ ನೋಡಿ ತಿಂದವರಲ್ಲ. ಹೊಲದಲ್ಲಿ ಬೆಳೆದದ್ದು ಅದು, ಅದನ್ನೇ ತಿಂದರು.

ಕಾಳಿನ ವಿಷಯ ಬಂದರೆ ನನಗೆ ಹೇಳಿದಷ್ಟೂ ಸಾಲದು. ಮಡಕಿ, ಹೆಸರು, ಅಲಸಂದಿ, ಹುರುಳಿ, ಕಡ್ಲಿ. ಐದೂ ನಮ್ಮ ಕಡೆಯವೇ. ಒಣಕಾಳು 100 ಗ್ರಾಂನಲ್ಲಿ 20 ಗ್ರಾಂ ಆಸುಪಾಸು ಪ್ರೋಟೀನ್ ಇರುತ್ತದೆ. ಒಬ್ಬರಿಗೆ 50 ಗ್ರಾಂ ಮಡಕಿ ನೆನೆಹಾಕಿದರೆ ಐದಾರು ರೂಪಾಯಿ ಖರ್ಚು, 10 ಗ್ರಾಂ ಪ್ರೋಟೀನ್ ಸಿಕ್ಕಿತು. ಅದೇ ಐದಾರು ರೂಪಾಯಿಗೆ ಅಂಗಡಿಯಲ್ಲಿ ಸಿಗುವುದು ಒಂದು ಸಣ್ಣ ಪ್ಯಾಕೆಟ್ ಕುರುಕಲು. ರಾತ್ರಿ ನೆನೆಹಾಕಿ, ಮುಂಜಾನೆ ನೀರು ಬಸಿದು ಹಸಿ ಬಟ್ಟೆಯಲ್ಲಿ ಗಟ್ಟಿಯಾಗಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ಬಂದಿರುತ್ತದೆ. ಮೊಳಕೆ ಬಂದರೆ ಒಂದು ಪಾವು ಎರಡು ಪಾವಿನಷ್ಟು ಆಗುತ್ತದೆ, ಬೇಗ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ. ಒಣಕಾಳಿನಲ್ಲಿ ಇಲ್ಲದ ವಿಟಮಿನ್ ಸಿ ಮೊಳಕೆಯಲ್ಲಿ ಬರುತ್ತದೆ, ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಅನ್ನೋ ಅಂಶ ಕಮ್ಮಿಯಾಗುತ್ತದೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಚಿಟಿಕೆ ಅರಿಶಿಣ, ಮೇಲೆ ಒಂದಿಷ್ಟು ಶೇಂಗಾಪುಡಿ ಹಾಕಿ ಒಗ್ಗರಣೆ ಕೊಟ್ಟರೆ ಮಕ್ಕಳು ತಕರಾರಿಲ್ಲದೆ ತಿನ್ನುತ್ತಾರೆ. ಹುರುಳಿ ಬೇಯಿಸಿದ ಕಟ್ಟನ್ನು ಚೆಲ್ಲಬಾರದು, ಅದರ ಸಾರು ಚಳಿಗಾಲದಲ್ಲಿ ನಮ್ಮ ಅತ್ತೆಗೆ ಬೇಕೇ ಬೇಕು. ಕಾಳು ನೆನೆಹಾಕುವುದನ್ನು ಮರೆತ ದಿನಕ್ಕೆ ಜುಣಕ ಇದೆ. ಕಡ್ಲಿಹಿಟ್ಟು ಮನೆಯಲ್ಲಿದ್ದರೆ ಹತ್ತು ನಿಮಿಷದ ಕೆಲಸ.

ತೊಗರಿಬೇಳೆ ನಾವು ಕಮ್ಮಿ ಬಳಸುತ್ತೇವೆ. ತೊಗರಿ ಬೆಳೆಯುವ ಜಿಲ್ಲೆಯಲ್ಲಿ ಕೂತು ಹೀಗೆ ಬರೆಯುವುದು ನನಗೂ ಸಂಕಟವೇ. 2025-26ಕ್ಕೆ ತೊಗರಿಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಇಟ್ಟಿದೆ. ಅಡತ್ ಅಂಗಡಿಗೆ ಬರುವ ರೈತರು ಎಷ್ಟೋ ಸಲ ಬೆಂಬಲ ಬೆಲೆಗಿಂತ ಕಮ್ಮಿಗೆ ಕೊಟ್ಟು ಹೋಗುವುದನ್ನು ನಮ್ಮ ಮನೆಯವರು ಕಣ್ಣಾರೆ ನೋಡಿದ್ದಾರೆ. ಆದರೆ ಬೇಳೆಯಾಗಿ ಅದೇ ತೊಗರಿ ನಮ್ಮ ಕೈಗೆ ಬರುವಾಗ ಕೆಜಿಗೆ ನೂರು ದಾಟಿರುತ್ತದೆ. ಬೆಳೆದವರಿಗೂ ಇಲ್ಲ, ತಿನ್ನುವವರಿಗೂ ಇಲ್ಲ.

ಇನ್ನು ಚಟ್ನಿ. ಶೇಂಗಾ, ಗುರೆಳ್ಳು, ಅಗಸಿ ಈ ಮೂರು ಚಟ್ನಿಪುಡಿ ಡಬ್ಬಿಯಲ್ಲಿದ್ದರೆ ಅರ್ಧ ಚಿಂತೆ ಕಮ್ಮಿ. ಜನ ಇದನ್ನು ರೊಟ್ಟಿಗೆ ನಂಜಿಕೊಳ್ಳುವ ಖಾರ ಅಂತಷ್ಟೇ ತಿಳಿಯುತ್ತಾರೆ. ಶೇಂಗಾದಲ್ಲಿ ತೂಕದ ಕಾಲುಭಾಗದಷ್ಟು ಪ್ರೋಟೀನೇ ಇದೆ. ಅಗಸಿಯಲ್ಲಿ ಒಮೆಗಾ-3 ಕೊಬ್ಬು ಇದೆ, ಮೀನು ತಿನ್ನದ ಮನೆಗಳಿಗೆ ಅದು ಸಿಗುವ ದಾರಿಗಳೇ ಕಮ್ಮಿ. ಅಗಸಿಯನ್ನು ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಹುರಿದು ಕುಟ್ಟಿಯೇ ತಿನ್ನಬೇಕು, ಅದಕ್ಕೆ ಚಟ್ನಿಯೇ ಸರಿಯಾದ ದಾರಿ. ಎಳ್ಳಿನಲ್ಲಿ ಸುಣ್ಣದ ಅಂಶ ಬಹಳ. ಸಜ್ಜಿರೊಟ್ಟಿಗೆ ಎಳ್ಳು ಹಚ್ಚುವ ರೂಢಿ ಸಂಕ್ರಾಂತಿಗಷ್ಟೇ ಯಾಕೆ ಇರಬೇಕು? ಚಳಿಗಾಲ ಪೂರ್ತಿ ಇರಲಿ. ಹೀಗೆ ಕಾಳು, ಬೀಜದಿಂದಲೇ ಕೊಬ್ಬು ಸಿಗುವಾಗ ಒಗ್ಗರಣೆಗೆ ಎಣ್ಣೆ ಸುರಿಯುವ ಅಗತ್ಯ ಬೀಳುವುದಿಲ್ಲ. ನಾನು ತಿಂಗಳಿಗೆ ಎಣ್ಣೆ ಇಷ್ಟೇ ಅಂತ ಬಾಟಲಿಗೆ ಗುರುತು ಹಾಕಿ ಇಡುತ್ತೇನೆ. ಹಬ್ಬ ಬಂದ ತಿಂಗಳು ಬಿಟ್ಟು ಆ ಗುರುತು ದಾಟುವುದಿಲ್ಲ.

ಸೊಪ್ಪಿನ ವಿಷಯದಲ್ಲಿ ನಮ್ಮ ಅತ್ತೆಯೇ ನನಗೆ ಗುರು. ಪುಂಡಿ, ರಾಜಗಿರಿ, ಮೆಂತೆ, ಹತ್ತರಕಿ, ಕಿರಕಸಾಲಿ, ನುಗ್ಗೆಸೊಪ್ಪು. ಚಳಿಗಾಲ ಬಂತೆಂದರೆ ಎಳೆ ಕಡ್ಲಿ ಸೊಪ್ಪು, ಕುಸುಬಿ ಸೊಪ್ಪು. ಯಾವ ತಿಂಗಳಲ್ಲಿ ಯಾವುದು ಹೊಲದಲ್ಲಿ ಚಿಗುರುತ್ತದೋ ಅದೇ ಆ ತಿಂಗಳ ಸೋವಿ ಪಲ್ಯ. ಕಾಲ ಅಲ್ಲದ ಕಾಲದಲ್ಲಿ ಹೂಕೋಸು, ಬೀನ್ಸು ಹುಡುಕಿಕೊಂಡು ಹೋಗುವವರ ಕಿಸೆ ಖಾಲಿಯಾಗುತ್ತದೆ. ಸಂಜೆ ಸಂತೆ ಏಳುವ ಹೊತ್ತಿಗೆ ಹೋದರೆ ಮುಂಜಾನೆ ಹತ್ತು ರೂಪಾಯಿಗೆ ಒಂದು ಇದ್ದ ಸೂಡು ಎರಡು ಸಿಗುತ್ತವೆ, ಸ್ವಲ್ಪ ಬಾಡಿದ್ದರೂ ಅಡಿಗೆಗೆ ತೊಂದರೆ ಇಲ್ಲ. ಆದರೆ ಕೊತ್ತಂಬರಿ ಮಾರುವ ಮುದುಕಿಯ ಹತ್ತಿರ ಎರಡು ರೂಪಾಯಿಗೆ ಚೌಕಾಶಿ ಮಾಡಬೇಡಿ, ಅವಳ ಮನೆಯಲ್ಲೂ ಒಲೆ ಉರಿಯಬೇಕು. ಪುಂಡಿಪಲ್ಯಕ್ಕೆ ಜೋಳದ ನುಚ್ಚು, ಒಂದಿಷ್ಟು ಬೇಳೆ ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಅದೊಂದೇ ಊಟಕ್ಕೆ ಸಾಕು. ಮೆಂತೆ, ಹತ್ತರಕಿ, ಉಳ್ಳಾಗಡ್ಡಿ ತೊಪ್ಪಲನ್ನು ತೊಳೆದು ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನುವ ನಮ್ಮ ರೂಢಿ ಬಿಡಬಾರದು.

ರಕ್ತಹೀನತೆಯ ಮಾತು ಇಲ್ಲಿ ಹೇಳಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 47.8 ಜನರಿಗೆ ರಕ್ತ ಕಮ್ಮಿ ಇತ್ತು. ಐದು ವರ್ಷದ ಒಳಗಿನ ಮಕ್ಕಳಲ್ಲಿ ಶೇ 65.5. ಸೊಪ್ಪು, ಕಾಳು ತಿಂದರೂ ಅದರ ಕಬ್ಬಿಣ ಮೈಗೆ ಹತ್ತಬೇಕಲ್ಲ? ಅದಕ್ಕೆ ಹುಳಿ ಬೇಕು. ನಮ್ಮ ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್, ಅಂದರೆ ಈ ಸೀಮೆಯದೇ ಬೆಳೆ ಅನ್ನುವ ಗುರುತು ಸಿಕ್ಕಿದೆ, ದೇಶದೆಲ್ಲೆಡೆ ಹೋಗುತ್ತದೆ. ಅರ್ಧ ಲಿಂಬೆಹಣ್ಣು ಕಾಳಿನ ಮೇಲೆ ಹಿಂಡಿದರೆ ಕಬ್ಬಿಣ ಜಾಸ್ತಿ ಹೀರಿಕೊಳ್ಳುತ್ತದೆ. ಇದಕ್ಕೆ ವಿರುದ್ಧ ಕೆಲಸ ಮಾಡುವುದು ಚಹಾ. ಊಟ ಮುಗಿದ ಕೂಡಲೇ ಚಹಾ ಕುಡಿದರೆ ತಿಂದ ಕಬ್ಬಿಣದಲ್ಲಿ ಬಹುಪಾಲು ಮೈಗೆ ಸೇರುವುದಿಲ್ಲ. ಒಂದು ತಾಸು ಬಿಟ್ಟು ಕುಡಿಯಿರಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಆದರೂ ನಮ್ಮ ಕಡೆ ಇದನ್ನು ಹೇಳುವವರು ಕಮ್ಮಿ.

ತತ್ತಿಯ ಬಗ್ಗೆಯೂ ಒಂದು ಮಾತು. 2021ರ ಡಿಸೆಂಬರ್‌ನಲ್ಲಿ ಶಾಲಾ ಮಕ್ಕಳಿಗೆ ತತ್ತಿ ಕೊಡಲು ಶುರು ಮಾಡಿದಾಗ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಜೊತೆ ನಮ್ಮ ವಿಜಯಪುರವನ್ನೂ ಸೇರಿಸಿದ್ದರು. ಅಪೌಷ್ಟಿಕತೆ ಜಾಸ್ತಿ ಇದೆ ಅನ್ನೋದೇ ಕಾರಣ. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಲ್ಲಿ ಇಡೀ ರಾಜ್ಯದಲ್ಲಿ ವಾರಕ್ಕೆ ಆರು ದಿನ ಸಿಗುವಂತಾಯಿತು. ಒಂದು ತತ್ತಿಯಲ್ಲಿ 6 ಗ್ರಾಂ ಪ್ರೋಟೀನ್ ಇದೆ, ಅದೂ ಮಕ್ಕಳ ಮೈಗೆ ಸುಲಭವಾಗಿ ಹತ್ತುವಂಥದ್ದು. ಇಬ್ಬರು ಮಕ್ಕಳಿಗೆ ದಿನಾ ತತ್ತಿ ನಾನು ಕೊಂಡು ಹಾಕಬೇಕೆಂದರೆ ತಿಂಗಳಿಗೆ 300 ರೂಪಾಯಿಗೂ ಮೇಲೆ ಬೇಕು. ತಿನ್ನದವರಿಗೆ ಬಾಳೆಹಣ್ಣು ಇದ್ದೇ ಇದೆ, ತಿನ್ನುವ ಮಕ್ಕಳ ತಟ್ಟೆಯ ಬಗ್ಗೆ ಬೇರೆಯವರು ಜಗಳ ಮಾಡಬಾರದು. ಶಾಲೆಯಲ್ಲಿ ತತ್ತಿ, ಹಾಲು ಸರಿಯಾಗಿ ಸಿಗುತ್ತಿದೆಯಾ ಅಂತ ತಾಯಂದಿರು ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಸಭೆಗೆ ಹೋಗಿ ಕೇಳಬೇಕು. ರಜೆ ಬಂದಾಗ ಆ ಕೊರತೆ ಮನೆಯಲ್ಲಿ ತುಂಬಬೇಕು ಅನ್ನೋದನ್ನೂ ಮರೆಯಬಾರದು. ಬೇಸಿಗೆ ರಜೆಯಲ್ಲಿ ನಾನು ಮಜ್ಜಿಗೆ ಕಲಸಿದ ಜೋಳದ ನುಚ್ಚು, ಹುರಿದ ಶೇಂಗಾ, ಬೆಲ್ಲ, ಪುಟಾಣಿ ಕೊಟ್ಟು ಸಂಭಾಳಿಸುತ್ತೇನೆ.

ದುಡ್ಡು ಸೋರಿ ಹೋಗುವುದು ಎಲ್ಲಿ ಅಂದರೆ ಐದು, ಹತ್ತು ರೂಪಾಯಿಯ ಪ್ಯಾಕೆಟ್‌ಗಳಲ್ಲಿ. ದಿನಕ್ಕೆ ಇಬ್ಬರು ಮಕ್ಕಳಿಗೆ 20 ರೂಪಾಯಿ ಅಂದರೆ ತಿಂಗಳಿಗೆ 600. ಅಷ್ಟು ದುಡ್ಡಿಗೆ ಐದಾರು ಕೆಜಿ ಮಡಕಿ ಬರುತ್ತದೆ. ಮಕ್ಕಳನ್ನು ಬೈದು ಪ್ರಯೋಜನ ಇಲ್ಲ, ಶಾಲೆಯ ಗೇಟಿನ ಎದುರಿಗೇ ಸಾಲಾಗಿ ನೇತು ಹಾಕಿದ್ದರೆ ಯಾವ ಮಗು ಕೇಳುವುದಿಲ್ಲ ಹೇಳಿ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕಿಟ್ ಮೇಲಿನ ಜಿಎಸ್‌ಟಿಯನ್ನು ಶೇ 18ರಿಂದ ಶೇ 5ಕ್ಕೆ ಇಳಿಸಿದರು. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಜೋಳದ ಹಿಟ್ಟಿಗೂ 2022ರ ಜುಲೈನಿಂದ ಶೇ 5 ಇದೆ. ಬಿಸ್ಕಿಟ್‌ಗೂ ಜೋಳದ ಹಿಟ್ಟಿಗೂ ಒಂದೇ ತೆರಿಗೆ. ಇದನ್ನು ನಮ್ಮ ಸಂಸದರು ಯಾರಾದರೂ ದಿಲ್ಲಿಯಲ್ಲಿ ಎತ್ತಬೇಕು.

ಇಷ್ಟೆಲ್ಲ ಬರೆದ ಮೇಲೆ ಒಂದು ಸತ್ಯ ಹೇಳದಿದ್ದರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. ಈ ಊಟ ದುಡ್ಡಿನಲ್ಲಿ ಸೋವಿ, ಹೆಣ್ಣಿನ ದುಡಿತದಲ್ಲಿ ಬಹಳ ತುಟ್ಟಿ. ಅಕ್ಕಿ ತೊಳೆದು ಕುಕ್ಕರ್‌ಗೆ ಇಟ್ಟು ಬೇರೆ ಕೆಲಸ ನೋಡಬಹುದು. ರೊಟ್ಟಿ ಹಾಗಲ್ಲ. ಎಸರು ಕುದಿಸಿ, ಹಿಟ್ಟು ನಾದಿ, ಬಡಿದು, ಹಂಚಿನ ಮುಂದೆ ಕೂತೇ ಸುಡಬೇಕು. ಐದು ಜನಕ್ಕೆ ಒಂದು ತಾಸಾದರೂ ಬೇಕು. ಕಾಳು ಆರಿಸುವುದು, ಸೊಪ್ಪು ಸೋಸುವುದು, ಚಟ್ನಿ ಕುಟ್ಟುವುದು ಬೇರೆ. ಹೊರಗೆ ದುಡಿದು ಬಂದ ಹೆಣ್ಣುಮಗಳು ಸಂಜೆ ಅನ್ನ ಸಾರು ಮಾಡಿ ಮುಗಿಸಿದರೆ ಅವಳನ್ನು ಸೋಮಾರಿ ಅನ್ನಬೇಡಿ. ಮನೆಯ ಗಂಡಸರು, ಗಂಡುಮಕ್ಕಳು ಸೊಪ್ಪು ಸೋಸಲಿ, ಕಾಳು ಕಟ್ಟಿಡಲಿ, ರೊಟ್ಟಿ ಸುಡಲು ಕೂಡಲಿ. ನಮ್ಮ ಮಗ ಐದನೇ ಕ್ಲಾಸು, ಶೇಂಗಾ ಸುಲಿಯುವುದು, ಮೊಳಕೆ ಕಟ್ಟುವುದು ಅವನದೇ ಕೆಲಸ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಓಣಿ ಓಣಿಯಲ್ಲಿ ರೊಟ್ಟಿ ಮಾಡಿ ಮಾರುತ್ತಿದ್ದಾರೆ, ಆಗದ ದಿನ ಅಲ್ಲಿ ಕೊಳ್ಳುವುದು ತಪ್ಪಲ್ಲ. ಖಡಕ್ ರೊಟ್ಟಿಯಾದರೆ ವಾರಗಟ್ಟಲೆ ಇರುತ್ತದೆ. ಆ ಸಂಘಗಳಿಗೆ ರಿಯಾಯಿತಿ ದರದಲ್ಲಿ ಜೋಳ ಕೊಟ್ಟರೆ ರೊಟ್ಟಿಯ ಬೆಲೆಯೂ ಇಳಿಯುತ್ತದೆ, ಅವರ ಕೈಯಲ್ಲೂ ನಾಲ್ಕು ಕಾಸು ಉಳಿಯುತ್ತದೆ.

ಅದರ ಜೊತೆ ಇನ್ನೊಂದು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಕಡೆಗೆ ಉಣ್ಣುತ್ತಾರೆ. ಗಂಡಸರಿಗೆ, ಮಕ್ಕಳಿಗೆ ಬಡಿಸಿ ಮುಗಿಯುವ ಹೊತ್ತಿಗೆ ಕಾಳುಪಲ್ಯ ತಳ ಕಂಡಿರುತ್ತದೆ, ಸೊಸೆಗೆ ಉಳಿಯುವುದು ತಂಗಳು ರೊಟ್ಟಿ, ಹಿಂಡಿದ ಖಾರ. ಎಷ್ಟೇ ಸತ್ವದ ಅಡಿಗೆ ಮಾಡಿದರೂ ಮಾಡಿದವಳ ತಟ್ಟೆಗೆ ಬೀಳದಿದ್ದರೆ ಶೇ 47.8 ಅನ್ನೋ ಆ ಸಂಖ್ಯೆ ಇಳಿಯುವುದಾದರೂ ಹೇಗೆ? ನಮ್ಮ ಅತ್ತೆ ಒಂದು ಪದ್ಧತಿ ಮಾಡಿದ್ದಾರೆ, ಪಲ್ಯ ಇಳಿಸಿದ ಕೂಡಲೇ ಐದು ಬಟ್ಟಲಿಗೆ ಹಾಕಿಬಿಡುವುದು. ಯಾರು ಯಾವಾಗ ಉಂಡರೂ ಅವರವರ ಪಾಲು ಅಲ್ಲೇ ಇರುತ್ತದೆ. ಅತ್ತೆಯಂದಿರು ಮನಸ್ಸು ಮಾಡಿದರೆ ಇದು ಎಲ್ಲ ಮನೆಯಲ್ಲೂ ಆಗುವ ಕೆಲಸ.

ಈಗ ರೇಷನ್ ವಿಷಯಕ್ಕೆ ಬರುತ್ತೇನೆ. ಅನ್ನಭಾಗ್ಯ ಶುರುವಾದದ್ದು 2013ರ ಜುಲೈನಲ್ಲಿ. ಅದರಿಂದ ಹಸಿವು ತಗ್ಗಿದೆ, ಅದನ್ನು ಅಲ್ಲಗಳೆಯುವವರು ಬಡವರ ಮನೆ ನೋಡಿಲ್ಲ. ಆದರೆ ರೊಟ್ಟಿ ಉಣ್ಣುವ ಸೀಮೆಗೆ ತಲೆಗೆ 10 ಕೆಜಿಯಂತೆ ಅಕ್ಕಿಯನ್ನೇ ಕೊಟ್ಟರೆ ಏನಾಗುತ್ತದೆ? ಐದು ಜನರ ಮನೆಗೆ 50 ಕೆಜಿ ಆಯಿತು. ಅಷ್ಟು ಅಕ್ಕಿ ಬೇಡವಾಗಿ, ಓಣಿಗೆ ಬರುವ ದಲ್ಲಾಳಿಗೆ ಸಿಕ್ಕ ಬೆಲೆಗೆ ಕೊಟ್ಟು, ಆ ದುಡ್ಡಿಗೆ ಜೋಳ ತರುವವರಿದ್ದಾರೆ. ರೇಷನ್ ಅಕ್ಕಿ ಮಾರುವುದು ಅಪರಾಧ, ನಾನು ಅದನ್ನು ಸರಿ ಅನ್ನುವುದಿಲ್ಲ. ಆದರೆ ಆ ತಾಯಿ ಹುಡುಕುತ್ತಿರುವುದು ಜೋಳವನ್ನು ಅನ್ನೋದನ್ನು ಅಧಿಕಾರಿಗಳು ಗಮನಿಸಬೇಕಲ್ವಾ? ಇನ್ನು ಕೆಲವು ಮನೆಗಳಲ್ಲಿ ಮೂರು ಹೊತ್ತೂ ಅನ್ನವೇ ಆಗಿಬಿಟ್ಟಿದೆ. ಮಕ್ಕಳಿಗೆ ರೊಟ್ಟಿ ಅಗಿಯುವ ರೂಢಿಯೇ ತಪ್ಪುತ್ತಿದೆ.

ಅಕ್ಕಿಯ ಬಗ್ಗೆ ನಡುವೆ ಒಂದು ಮಾತು, ಓದುವ ಅಕ್ಕಂದಿರಿಗಾಗಿ. ರೇಷನ್ ಅಕ್ಕಿಯಲ್ಲಿ ಕಾಣುವ ಬೇರೆ ಬಣ್ಣದ ಕಾಳು ಪ್ಲಾಸ್ಟಿಕ್ ಅಲ್ಲ. ಅದು ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಅಕ್ಕಿಯ ಆಕಾರ ಕೊಟ್ಟು, ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ಅದನ್ನು ಆರಿಸಿ ಬಿಸಾಡಬೇಡಿ, ಅನ್ನ ಬಸಿದು ಗಂಜಿ ಚೆಲ್ಲಬೇಡಿ.

2023ರ ಜುಲೈನಿಂದ 2025ರ ಜನವರಿ ತನಕ ಆ 10 ಕೆಜಿಯಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಸರ್ಕಾರ ಕೆಜಿಗೆ 34 ರೂಪಾಯಿ ಹಿಡಿದು ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. ಅದೇ 2023-24ರಲ್ಲಿ ಮಾಲದಂಡಿ ಜೋಳದ ಬೆಂಬಲ ಬೆಲೆ ಎಷ್ಟಿತ್ತು? ಕ್ವಿಂಟಲ್‌ಗೆ 3,225 ರೂಪಾಯಿ. ಕೆಜಿಗೆ 32 ರೂಪಾಯಿ 25 ಪೈಸೆ. ಸಾಗಾಟ, ಗೋದಾಮು ಖರ್ಚು ಬೇರೆ ಇರುತ್ತದೆ, ಒಪ್ಪೋಣ. ಆದರೂ ಅಕ್ಕಿ ಸಿಗದೆ ದುಡ್ಡು ಹಂಚುವ ಹೊತ್ತಿನಲ್ಲಿ, ಅದಕ್ಕಿಂತ ಕಮ್ಮಿ ಬೆಂಬಲ ಬೆಲೆಯ ಜೋಳ ನಮ್ಮ ಪಕ್ಕದ ಹೊಲದಲ್ಲೇ ಇತ್ತು. ಅದೂ 2023, ಜಗತ್ತೇ ಸಿರಿಧಾನ್ಯ ವರ್ಷ ಅಂತ ಆಚರಿಸಿದ ವರ್ಷ. 2025-26ಕ್ಕೆ ಆ ಬೆಲೆ 3,749ಕ್ಕೆ ಏರಿದೆ.

ಅಧಿಕಾರಿಗಳು ಹೇಳುವುದು, ಜೋಳ ಸಾಕಷ್ಟು ಸಿಗುವುದಿಲ್ಲ ಅಂತ. ಅದರಲ್ಲಿ ಸತ್ಯ ಇದೆ. ನೀರಾವರಿ ಬಂದ ಕಡೆ ಕಬ್ಬು ಬಂತು, ಮಳೆ ಆಶ್ರಯದ ಹೊಲಕ್ಕೂ ತೊಗರಿ, ಮೆಕ್ಕೆಜೋಳ ಬಂತು. ಅಲ್ಲೊಂದು ಇಲ್ಲೊಂದು ಹೊಲದಲ್ಲಿ ಮಾತ್ರ ಜೋಳ ಇದ್ದರೆ ಹಕ್ಕಿಗಳೆಲ್ಲ ಅಲ್ಲೇ ಇಳಿಯುತ್ತವೆ, ಕೊಯ್ಲಿಗೆ ಆಳು ಸಿಗುವುದಿಲ್ಲ. ಡೋಣಿ ನಮ್ಮ ಕಡೆಯ ಹೊಳೆ, ಡೋಣಿ ಹರಿದರೆ ಓಣೆಲ್ಲ ಜೋಳ ಅನ್ನುವ ಮಾತು ಹುಟ್ಟಿದ ನಾಡು ಇದು. ಇಲ್ಲಿ ಜೋಳ ಬೆಳೆಯುವ ರೈತರಿಗೆ ಖಾತ್ರಿ ಬೇಕು, ಅಷ್ಟೇ. ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಮೇಲಿದ್ದ ವರ್ಷ ರೈತರು ಖರೀದಿ ಕೇಂದ್ರದ ಕಡೆ ಬರುವುದಿಲ್ಲ, ಬರಬೇಕೂ ಇಲ್ಲ. ದರ ಕೆಳಗಿದ್ದ ವರ್ಷ ಕೇಂದ್ರ ತೆರೆಯುವ ಹೊತ್ತಿಗೆ ಸಣ್ಣ ರೈತರು ಸಾಲ ತೀರಿಸಲು ಮಾರಿ ಆಗಿರುತ್ತದೆ. ಬಿತ್ತುವ ಮೊದಲೇ ರಾಜ್ಯ ಸರ್ಕಾರ ಬೆಂಬಲ ಬೆಲೆಯ ಮೇಲೆ ಪ್ರೋತ್ಸಾಹಧನ ಘೋಷಿಸಲಿ. ಜನವರಿಯಲ್ಲೇ ನೋಂದಣಿ ಆಗಲಿ, ರಾಶಿ ಮುಗಿಯುವ ಮೊದಲು ಕೇಂದ್ರ ತೆರೆಯಲಿ. ಆಯಾ ತಾಲ್ಲೂಕಿನ ಜೋಳ ಆಯಾ ತಾಲ್ಲೂಕಿನ ರೇಷನ್ ಅಂಗಡಿಗೇ ಹೋಗಲಿ, ಗೋದಾಮಿನಲ್ಲಿ ಕೂತು ಹುಳ ಹಿಡಿಯುವುದು ಬೇಡ. ಇನ್ನೊಂದು ಮಾತು, ನಡುನಡುವೆ ರೇಷನ್‌ನಲ್ಲಿ ಜೋಳ ಬಂದಾಗ ಜನ ಕೇಳಿದ್ದು ಹಿಂಗಾರಿ ಬಿಳಿಜೋಳವನ್ನೇ. ಹೈಬ್ರಿಡ್ ಜೋಳದ ರೊಟ್ಟಿ ನಮ್ಮ ಕಡೆ ಯಾರಿಗೂ ಒಗ್ಗುವುದಿಲ್ಲ.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಇಂದಿರಾ ಆಹಾರ ಕಿಟ್ ಕೊಡಲು ಒಪ್ಪಿದೆ. ಅಕ್ಕಿ ಬಿಟ್ಟು ಬೇರೆ ಯೋಚನೆ ಮಾಡಿದ್ದಾರಲ್ಲ, ಅದು ಒಳ್ಳೆಯದೇ. ಆದರೆ ಸಕ್ಕರೆ ಯಾಕೆ ಬೇಕು? ಆ ದುಡ್ಡಿಗೆ ನಮ್ಮ ಮೂರು ಜಿಲ್ಲೆಗಳಲ್ಲಿ ಮಡಕಿ ಕೊಡಿ, ಹೆಸರು ಕೊಡಿ, ಹುರುಳಿ ಕೊಡಿ. ಇಡೀ ರಾಜ್ಯಕ್ಕೆ ಒಂದೇ ಚೀಲ ಹೊಲಿಯುವ ಬದಲು ದಕ್ಷಿಣಕ್ಕೆ ರಾಗಿ, ನಮಗೆ ಜೋಳ ಅಂತ ಜಿಲ್ಲಾವಾರು ತೀರ್ಮಾನ ಮಾಡಲು ಜಿಲ್ಲಾಧಿಕಾರಿಗಳಿಗೆ ಅಧಿಕಾರ ಕೊಡಿ. ಅಕ್ಕಿಯೇ ಬೇಕು ಅನ್ನುವ ಮನೆಗೆ ಅಕ್ಕಿಯೇ ಸಿಗಲಿ, ಕಾರ್ಡಿನ ಮೇಲೆ ಆಯ್ಕೆ ಇರಲಿ.

ಕೊನೆಗೆ ನಿಮ್ಮ ಪತ್ರಿಕೆಗೂ ಒಂದು ಬೇಡಿಕೆ. ಬಂಗಾರದ ದರ, ಎಪಿಎಂಸಿಯ ಕ್ವಿಂಟಲ್ ದರ ನೀವು ತಪ್ಪದೆ ಹಾಕುತ್ತೀರಿ. ಅದರ ಪಕ್ಕದಲ್ಲೇ ವಾರಕ್ಕೊಮ್ಮೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಪೇಟೆಗಳ ಕಿರಾಣಿ ಅಂಗಡಿಯ ಕೆಜಿ ದರ ಹಾಕಿ. ಬಿಳಿಜೋಳ, ಸಜ್ಜಿ, ಮಡಕಿ, ಹೆಸರು, ಹುರುಳಿ, ಕಡ್ಲಿ, ಶೇಂಗಾ, ಗುರೆಳ್ಳು, ಅಗಸಿ, ಒಂದು ಸೂಡು ಮೆಂತೆ, ಒಂದು ತತ್ತಿ ಇಷ್ಟು ಸಾಕು. ಯಾವ ವಾರ ಯಾವ ಕಾಳು ಸೋವಿ ಅಂತ ನೋಡಿಕೊಂಡೇ ನಾವು ಚೀಟಿ ಬರೆಯುತ್ತೇವೆ, ಮತ್ತು ಸುಗ್ಗಿಗೂ ಶ್ರಾವಣಕ್ಕೂ ಜೋಳದ ದರ ಎಷ್ಟು ಏರಿತು ಅನ್ನೋದು ಆಹಾರ ಇಲಾಖೆಯವರ ಕಣ್ಣಿಗೂ ಬೀಳುತ್ತದೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ವಿಜಯಪುರ